ಕಿವಿಗೆಂದು ಒಯ್ದ ಮೊಲ

ಮೊಲವನ್ನು ಎರಡು ಕಿವಿ ಹಿಡಿದು ಎತ್ತಿದ ಚಿತ್ರ ಎಲ್ಲಿ ಕಂಡರೂ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಟೋಪಿಯಿಂದ ಮೊಲ ತೆಗೆಯುವ ಜಾದೂಗಾರನಾಗಲಿ, ಮಕ್ಕಳ ಪುಸ್ತಕದ ಬೇಟೆಗಾರನಾಗಲಿ, ಎಲ್ಲರೂ ಹಿಡಿಯುವುದು ಕಿವಿಯನ್ನೇ. ದೇವರು ಮೊಲಕ್ಕೆ ಅಷ್ಟುದ್ದ ಕಿವಿ ಕೊಟ್ಟದ್ದು ಹಿಡಿಕೆ ಇರಲಿ ಎಂದೇ ಎಂದು ಲೋಕವೆಲ್ಲ ತಿಳಿದುಕೊಂಡ ಹಾಗಿದೆ. ಮೊನ್ನೆ ಮೊಮ್ಮಗಳ ಬಣ್ಣ ತುಂಬುವ ಪುಸ್ತಕದಲ್ಲಿ ಅಂಥದ್ದೊಂದು ಪುಟ ಕಂಡಿತು. ಹರಿದು ಹಾಕಿದೆ. ಮಗು ಅಳತೊಡಗಿತು, ಮಗಳು ಬಂದು ಅಮ್ಮನಿಗೆ ಎಂತ ಆಯ್ತು ಎಂದು ಕೇಳಿದಳು. ಬಾಯಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅಪ್ಪ ಅಮ್ಮ ಬೊಂಬಾಯಿಯಲ್ಲಿ, ನಾನು ಕಾಪು ಹತ್ತಿರದ ಇನ್ನಂಜೆಯಲ್ಲಿ ಅಜ್ಜಿಯ ಮನೆಯಲ್ಲಿ. ಅಮ್ಮನ ಅಮ್ಮ ಈ ಅಜ್ಜಿ. ಮನೆಯಲ್ಲಿ ಅವರು, ಗದ್ದೆ ಮತ್ತು ದನ ನೋಡಿಕೊಳ್ಳುವ ನನ್ನ ಮಾಮ, ಮತ್ತೆ ನಾನು. ಅಂಗಳದ ಸುತ್ತ ಅಜ್ಜಿಯ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಅವರು ಚಾವಡಿಯಲ್ಲಿ ಕಾಲು ಚಾಚಿ ಕುಳಿತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರೆ ಯಾರೂ ಹತ್ತಿರ ಸುಳಿಯುವ ಹಾಗಿರಲಿಲ್ಲ. ಹೂವು ಅರಳುವ ಮೊದಲು ಕಟ್ಟಿ ಮುಗಿಸಬೇಕೆಂಬ ಅವಸರ ಒಂದು ಕಡೆ, ಹುಟ್ಟಿದಂದಿನಿಂದ ಮೂಗಿನ ತುದಿಯಲ್ಲಿರುವ ಕೋಪ ಇನ್ನೊಂದು ಕಡೆ. ಆ ಕೋಪ ನನಗೂ ಬಂದಿದೆ ಎನ್ನುತ್ತಾರೆ. ಬಂದಿದ್ದರೆ ಒಳ್ಳೆಯದೇ ಆಯಿತು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಗೆಳತಿಯೊಬ್ಬಳಿದ್ದಳು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರ ಮನೆ. ಅವರಲ್ಲಿ ಮೊಲ ಸಾಕುತ್ತಿದ್ದರು, ಮುದ್ದಿಗಲ್ಲ, ಹಬ್ಬದ ಮಾಂಸದ ಪದಾರ್ಥಕ್ಕೆ. ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋದವಳು ಗೂಡಿನ ಮುಂದೆ ಕುಳಿತುಬಿಟ್ಟೆ. ಕಂದು ಬಣ್ಣದ ಒಂದು ಮರಿ ನನ್ನ ಸೀರೆಯ ಸೆರಗನ್ನು ಕಚ್ಚಿ ಎಳೆಯಿತು. ಅದನ್ನು ಬಿಟ್ಟು ಊಟಕ್ಕೆ ಏಳಲು ನನ್ನಿಂದ ಆಗಲಿಲ್ಲ. ಹೊರಡುವಾಗ ಗೆಳತಿಯೇ ಅದನ್ನು ಬುಟ್ಟಿಗೆ ಹಾಕಿ ಕೊಟ್ಟಳು. ಕೊಡುವ ಮೊದಲು ಎತ್ತಿ ತೋರಿಸಿದಳು. ಒಂದು ಕೈ ಎದೆಯ ಹತ್ತಿರ, ಇನ್ನೊಂದು ಕೈ ಹಿಂದಿನ ಕಾಲುಗಳ ಕೆಳಗೆ.

"ಯಾವಾಗಲೂ ಕೆಳಗೆ ಕೈ ಕೊಡು. ಇಲ್ಲದಿದ್ದರೆ ಒದೀತದೆ, ಒದ್ದರೆ ಅದಕ್ಕೇ ಪೆಟ್ಟಾಗ್ತದೆ."

ಅಷ್ಟೇ ಪಾಠ. ಒಂದು ಸಲ ನೋಡಿದರೆ ಯಾರಿಗೂ ಬರುವಂಥದ್ದು.

ಕಾರ್ಕಳದಿಂದ ಉಡುಪಿಗೆ, ಉಡುಪಿಯಿಂದ ಕಾಪುವಿಗೆ ಬಸ್ಸಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಅಜ್ಜಿ ಬುಟ್ಟಿಯೊಳಗೆ ಬಗ್ಗಿ ನೋಡಿ, ಸಾರಿಗಾದರೆ ಸಣ್ಣದಾಯಿತು ಎಂದರು. ಸಾಕಲು ತಂದದ್ದೆಂದು ಹೇಳಿದಾಗ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಮನೆಯಲ್ಲಿ ಹಾಲಿಗೆ ದನ ಇತ್ತು, ಕಾವಲಿಗೆ ನಾಯಿ ಇತ್ತು, ಇಲಿಗೆ ಬೆಕ್ಕು ಇತ್ತು. ಮೊಲ ಯಾವ ಕೆಲಸಕ್ಕೆ ಎಂದು ಕೇಳಿದರು. ಹೆಸರು ಇಡಬೇಡ, ಹೆಸರು ಇಟ್ಟರೆ ಕಷ್ಟ ಎಂದರು. ಹಾಗಾಗಿ ಅದು ಕೊನೆಯವರೆಗೂ ಬರೀ ಮೊಲವೇ ಆಗಿ ಉಳಿಯಿತು.

ಆ ಮೊಲದ ಜೀವ ಇದ್ದದ್ದು ಹಿಂದಿನ ಕಾಲುಗಳಲ್ಲಿ. ಸಂಜೆ ಬಿಸಿಲು ಇಳಿದು ಅಂಗಳ ತಣ್ಣಗಾದರೆ ಸಾಕು, ಸುಮ್ಮನೆ ಕುಳಿತಿದ್ದದ್ದು ಏನೋ ನೆನಪಾದ ಹಾಗೆ ಮೇಲಕ್ಕೆ ಹಾರುತ್ತಿತ್ತು. ಗಾಳಿಯಲ್ಲಿ ಮೈ ತಿರುಗಿಸಿ ಇನ್ನೊಂದು ಕಡೆಗೆ ಮುಖ ಮಾಡಿ ಇಳಿದು, ಮಲ್ಲಿಗೆ ಸಾಲಿನ ಸುತ್ತ ಓಡಿ ಮತ್ತೆ ಹಾರುತ್ತಿತ್ತು. ಯಾರೂ ಅಟ್ಟುತ್ತಿರಲಿಲ್ಲ, ತಿನ್ನಲು ಎಂತದೂ ಇರುತ್ತಿರಲಿಲ್ಲ. ಬರೀ ಖುಷಿಗೆ ಹಾರುವ ಪ್ರಾಣಿಯನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ನಾಯಿ ಹತ್ತಿರ ಬಂದರೆ ಹಿಂಗಾಲಿನಿಂದ ನೆಲಕ್ಕೆ ದಬ್ಬೆಂದು ಬಡಿಯುತ್ತಿತ್ತು. ಆ ಸದ್ದಿಗೆ ನಮ್ಮ ನಾಯಿ, ಅಂಚೆಯವನಿಗೂ ಬಗ್ಗದ ನಾಯಿ, ಬಾಲ ಮುದುಡಿ ದನದ ಹಟ್ಟಿಯ ಕಡೆ ಹೋಗುತ್ತಿತ್ತು. ಅಜ್ಜಿ ಅದನ್ನು ನೋಡಿ ನಕ್ಕರು. ನಗುವುದು ಅವರ ಅಭ್ಯಾಸವಲ್ಲ.

ಮಲ್ಲಿಗೆಯ ಚಿಗುರು ತಿಂದಿತೆಂದು ಬೈಯುತ್ತ ಬೈಯುತ್ತಲೇ ಅಜ್ಜಿ ಅದಕ್ಕೆ ಹರಿವೆ ಸೊಪ್ಪಿನ ದಂಟು ಎತ್ತಿಡಲು ಸುರುಮಾಡಿದರು. ಹೂವು ಕಟ್ಟುವಾಗ ಹತ್ತಿರ ಕೂರುವ ಹಕ್ಕು ನನಗೂ ಇರಲಿಲ್ಲ, ಮಾಮನಿಗೂ ಇರಲಿಲ್ಲ, ಅದಕ್ಕೆ ಸಿಕ್ಕಿತು.

ಹೀಗಿರುವಾಗ ಅದರ ಕಿವಿಯಲ್ಲಿ ಹಕ್ಕಳೆ ಕಾಣಿಸಿಕೊಂಡಿತು. ಒಳಗೆಲ್ಲ ಕಂದು ಬಣ್ಣದ ಹೊಟ್ಟು, ಇಡೀ ದಿನ ತಲೆ ಕೊಡವುವುದು, ಕಾಲಿನಿಂದ ಕೆರೆದುಕೊಳ್ಳುವುದು. ನಾನು ತೆಂಗಿನೆಣ್ಣೆ ಬಿಟ್ಟು ನೋಡಿದೆ, ಸ್ವಲ್ಪ ಕಡಿಮೆಯಾಗಿ ಮತ್ತೆ ಬಂತು. ದನದ ಆಸ್ಪತ್ರೆಗೆ ಕೊಂಡುಹೋಗು ಎಂದು ಮಾಮ ಹೇಳಿದರು. ಹೊಸ ಡಾಕ್ಟ್ರು ಬಂದಿದ್ದಾರೆ, ಎಳೆ ಪ್ರಾಯ, ಕೈಗುಣ ಒಳ್ಳೆಯದುಂಟಂತೆ, ಯಾರದ್ದೋ ದನದ ಕರು ಅಡ್ಡ ಸಿಕ್ಕಿಕೊಂಡಿದ್ದಾಗ ತಾಯಿ ಮಗು ಎರಡನ್ನೂ ಉಳಿಸಿದ್ದಾರಂತೆ. ಅದು ಸುಳ್ಳಲ್ಲ, ಆಮೇಲೆ ನಾನೂ ವಿಚಾರಿಸಿದ್ದೇನೆ. ಆಸ್ಪತ್ರೆ ಯಾವ ಊರಿನದೆಂದು ಬರೆಯುವುದಿಲ್ಲ. ಆ ಕಟ್ಟಡವೂ ಈಗ ಇಲ್ಲ.

ರಜೆ ಹಾಕಿ ಹೋದೆ. ಹೊರಗೆ ದನಗಳನ್ನು ನಿಲ್ಲಿಸುವ ಮರದ ಕಟ್ಟು, ಒಳಗೆ ಫಿನಾಯಿಲಿನ ವಾಸನೆ, ಒಂದು ಮೇಜು, ಮೇಜಿನ ಹಿಂದೆ ಡಾಕ್ಟ್ರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪುಸ್ತಕದಲ್ಲಿರುವಂಥ ಕನ್ನಡ ಮಾತಾಡುತ್ತಿದ್ದರು. ನಾನು ಬುಟ್ಟಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಅವರು ನಕ್ಕರು. ಕಂಪೌಂಡರನ ಕಡೆ ತಿರುಗಿ, ಇವತ್ತು ಮಧ್ಯಾಹ್ನದ ಊಟಕ್ಕೆ ಸಾಮಾನು ಬಂತು ನೋಡು ಎಂದರು. ಅಜ್ಜಿಯೂ ಮೊದಲ ದಿನ ಅದೇ ಮಾತು ಹೇಳಿದ್ದರು, ಆದರೆ ಅಜ್ಜಿ ಡಾಕ್ಟ್ರಲ್ಲ. ಕಿವಿಯ ತೊಂದರೆ ಎಂದು ನಾನು ಹೇಳುತ್ತಿರುವಾಗಲೇ ಅವರು ಬುಟ್ಟಿಗೆ ಬಲಗೈ ಹಾಕಿ ಎರಡು ಕಿವಿಗಳನ್ನೂ ಒಟ್ಟಿಗೆ ಹಿಡಿದು ಮೇಲಕ್ಕೆ ಎತ್ತಿಬಿಟ್ಟರು. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು.

ನೋಯುತ್ತಿದ್ದ ಕಿವಿ. ಅದರಲ್ಲೇ ಇಡೀ ಮೈಯ ಭಾರ. ಮೊಲ ಗಾಳಿಯಲ್ಲಿ ಒದೆಯತೊಡಗಿತು.

"ಡಾಕ್ಟ್ರೇ, ಕೆಳಗೆ ಕೈ ಕೊಡಿ" ಎಂದೆ ನಾನು. ಮೆತ್ತಗೆ ಹೇಳಲಿಲ್ಲ, ಕೇಳುವ ಹಾಗೆಯೇ ಹೇಳಿದೆ.

"ನೀವು ಡಾಕ್ಟರೋ, ನಾನು ಡಾಕ್ಟರೋ?" ಎಂದು ಕೇಳಿ ಅವರು ಮೊಲವನ್ನು ಬೆಳಕಿಗೆ ಹಿಡಿಯಲು ಕಿಟಕಿಯ ಕಡೆ ತಿರುಗಿದರು.

ಆಗ ಅದು ಇದ್ದಬದ್ದ ಬಲವನ್ನೆಲ್ಲ ಹಾಕಿ ಒಮ್ಮೆ ಒದೆಯಿತು. ಎಳೆ ಅಲಸಂಡೆ ಮುರಿದ ಹಾಗೆ ಸಣ್ಣ ಸದ್ದು. ಮತ್ತೆ ಒದೆಯಲಿಲ್ಲ. ಹಿಂದಿನ ಕಾಲು ಎರಡೂ ಕೆಳಕ್ಕೆ ಜೋತುಬಿದ್ದವು. ನೋಡಿ, ಸುಮ್ಮನಾಯಿತಲ್ಲ ಎಂದರು ಡಾಕ್ಟ್ರು. ಸಮಾಧಾನದಿಂದ ಕಿವಿಯೊಳಗೆ ಏನೋ ಔಷಧ ಬಿಟ್ಟು, ಹತ್ತಿಯಲ್ಲಿ ಒರೆಸಿ, ವಾಪಸ್ಸು ಬುಟ್ಟಿಗೆ ಇಳಿಸಿದರು. ಇಳಿಸುವಾಗಲೂ ಕಿವಿಯಲ್ಲೇ.

ಕಾಲು ಅಲ್ಲಾಡಿಸುವುದಿಲ್ಲ ಎಂದು ನಾನು ಹೇಳಿದೆ. ಹೆದರಿದೆ ಅಷ್ಟೆ, ಮನೆಗೆ ಹೋದರೆ ಸರಿಯಾಗುತ್ತದೆ ಎಂದರು. ಸದ್ದು ಕೇಳಿತು ಎಂದೆ. ಎಂಥ ಸದ್ದು ಎಂದು ಕಂಪೌಂಡರನ ಮುಖ ನೋಡಿದರು. ಕಂಪೌಂಡರ್ ಔಷಧದ ಬಾಟಲಿಯ ಮುಚ್ಚಳ ಹಾಕುವುದರಲ್ಲಿ ಮುಳುಗಿದ್ದ. ಆ ಮುಚ್ಚಳ ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ. ಹೊರಗೆ ಎಮ್ಮೆ ಹಿಡಿದು ನಿಂತವರು ಕರೆದರು, ಡಾಕ್ಟ್ರು ಹೊರಗೆ ಹೋದರು.

ಮನೆಯ ಅಂಗಳದಲ್ಲಿ ಬುಟ್ಟಿಯಿಂದ ಇಳಿಸಿದೆ. ಮುಂದಿನ ಎರಡು ಕಾಲಿನಿಂದ ತನ್ನನ್ನೇ ಎಳೆದುಕೊಂಡು ಮಲ್ಲಿಗೆ ಗಿಡದ ಬುಡಕ್ಕೆ ಹೋಯಿತು. ಹಿಂದಿನ ಅರ್ಧ ಮೈ ಒದ್ದೆ ಬಟ್ಟೆಯ ಹಾಗೆ ಹಿಂದಿನಿಂದ ಬಂತು. ಗಿಡದ ಬುಡದಲ್ಲಿ ನಿಂತು ಅದು ತಿರುಗಿ ನೋಡಿತು, ಹಿಂದಿನಿಂದ ಯಾರೋ ಹಿಡಿದುಕೊಂಡಿದ್ದಾರೆ ಎಂಬ ಹಾಗೆ. ಅಜ್ಜಿ ಚಾವಡಿಯಿಂದ ಇಳಿದು ಬಂದರು. ನನ್ನ ಅಳುವನ್ನು ಕಂಡು ಅದರ ಬೆನ್ನ ಮೇಲೆ ಕೈ ಇಟ್ಟು ಕುಳಿತರು.

ಮಾರನೇ ದಿನ ಮತ್ತೆ ದನದ ಆಸ್ಪತ್ರೆಗೆ ಹೋದೆ. ಡಾಕ್ಟ್ರು ಬುಟ್ಟಿಯೊಳಗೆ ನೋಡಿದರು, ಮುಟ್ಟಲಿಲ್ಲ.

"ನಿನ್ನೆ ತರುವಾಗಲೇ ಹೀಗೆ ಇತ್ತಲ್ಲ" ಎಂದರು.

ನಾನು ಬುಟ್ಟಿಯ ಮುಚ್ಚಳ ಹಾಕಿದೆ. ತಪ್ಪಾಯಿತು ಎಂದು ಅವರು ಹೇಳಿದ್ದರೆ ನಾನು ಅಳುತ್ತಾ ಮನೆಗೆ ಹೋಗುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕೈ ತಪ್ಪಿತು, ಮೊಲ ಎತ್ತಿ ನನಗೆ ಅಭ್ಯಾಸ ಇಲ್ಲ ಎಂದಿದ್ದರೂ ಸಾಕಿತ್ತು. ದನ ಎಮ್ಮೆ ನೋಡುವವರಿಗೆ ಮೊಲದ ವಿಷಯ ಗೊತ್ತಿಲ್ಲದಿರುವುದು ಅಪರಾಧವೇನಲ್ಲ. ಆದರೆ ನನ್ನ ಕಣ್ಣೆದುರಿಗೆ ನಡೆದದ್ದನ್ನು ನಡೆದೇ ಇಲ್ಲ ಎನ್ನುವುದು ಅಪರಾಧ. ನನಗೆ ಬೇಕಾಗಿದ್ದದ್ದು ಒಂದೇ, ಅದು ನನ್ನ ಕೈಯಿಂದ ಆದದ್ದು ಎಂಬ ಒಂದು ಮಾತು ಅವರ ಬಾಯಿಂದ. ಆ ಮಾತು ಬಂದರೆ ಇನ್ನೊಂದು ಮೊಲವನ್ನಾದರೂ ಅವರು ಸರಿಯಾಗಿ ಹಿಡಿದಾರು. ಬಾರದಿದ್ದರೆ ಹೀಗೇ ಎತ್ತುತ್ತಾರೆ, ಹೀಗೇ ಮುರಿಯುತ್ತಾರೆ, ತರುವಾಗಲೇ ಹಾಗೆ ಇತ್ತು ಎನ್ನುತ್ತಾರೆ.

ಮಾಮನಿಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ನಮ್ಮ ಕಪ್ಪು ದನ ತುಂಬು ಗಬ್ಬ, ನಾಳೆ ರಾತ್ರಿ ಹೆಚ್ಚುಕಡಿಮೆಯಾದರೆ ಅವರನ್ನೇ ಕರೆಯಬೇಕು, ಒಂದು ಮೊಲಕ್ಕೋಸ್ಕರ ಡಾಕ್ಟ್ರ ಜೊತೆ ಸಂಬಂಧ ಹಾಳು ಮಾಡಿಕೊಳ್ಳಬೇಡ ಎಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸಿತು.

ಕುಕ್ಕುಂದೂರಿನ ಗೆಳತಿ ಶನಿವಾರ ಕಚೇರಿ ಬಿಟ್ಟ ಮೇಲೆ ನನ್ನನ್ನೂ ಬುಟ್ಟಿಯನ್ನೂ ಕಾರ್ಕಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಪೇಟೆಯ ಹಿಂದಿನ ಓಣಿಯಲ್ಲಿ ನಿವೃತ್ತರಾದ ಪಶುವೈದ್ಯರೊಬ್ಬರಿದ್ದರು. ಅವರು ಮೊಲವನ್ನು ಟವೆಲಿನಲ್ಲಿ ಸುತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಬೆನ್ನೆಲುಬನ್ನು ಕೆಳಗಿನವರೆಗೆ ಮುಟ್ಟುತ್ತ ಹೋಗಿ, ಸೊಂಟದ ಹತ್ತಿರ ನಿಲ್ಲಿಸಿದರು. ಯಾರು ಎತ್ತಿದ್ದು ಎಂದು ಕೇಳಿದರು. ಹೇಳಿದೆ. ಮೊಲದ ಹಿಂಗಾಲಿಗೆ ವಿಪರೀತ ಬಲ, ಬೆನ್ನಿನ ಎಲುಬು ಮಾತ್ರ ತೆಳು, ತೂಗಾಡಿಸಿ ಹಿಡಿದರೆ ಒದ್ದ ರಭಸಕ್ಕೆ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುತ್ತದೆ ಎಂದು ವಿವರಿಸಿದರು. ಇನ್ನು ಸರಿಯಾಗುವುದಿಲ್ಲ, ತುಂಬ ನರಳಿದರೆ ತನ್ನಿ, ಒಂದು ಇಂಜೆಕ್ಷನ್ ಕೊಟ್ಟು ಮುಗಿಸೋಣ ಎಂದರು. ಮೊಲ ಅವರ ಮಡಿಲಲ್ಲೇ ಕುಳಿತು ಗೆಳತಿ ಹಿಡಿದ ಹರಿವೆ ದಂಟನ್ನು ತಿನ್ನುತ್ತಿತ್ತು. ತಿನ್ನುವ ಪ್ರಾಣಿಯನ್ನು ಹೇಗೆ ಮುಗಿಸುವುದು.

ಈಗ ಹೇಳಿದ್ದನ್ನು ಆ ಡಾಕ್ಟ್ರಿಗೆ ಒಂದು ಮಾತು ತಿಳಿಸುತ್ತೀರಾ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಅವ ಒಳ್ಳೆ ಹುಡುಗ. ದನದ ಕೆಲಸದಲ್ಲಿ ಕೈ ಚೆನ್ನಾಗುಂಟು. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ, ಆಯ್ತಾ?"

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ನನಗೆ ಒಂದೇ ಯೋಚನೆ. ಗೊತ್ತಿಲ್ಲದವರು ಹೇಳುವುದಿಲ್ಲ, ಗೊತ್ತಿದ್ದವರೂ ಹೇಳುವುದಿಲ್ಲ. ಹಾಗಾದರೆ ಹೇಳುವವರು ಯಾರು?

ಅಜ್ಜಿ ಹೇಳುತ್ತೇನೆ ಎಂದರು. ಕಾರ್ಕಳದ ಸುದ್ದಿ ಕೇಳಿದ ಮೇಲೆ ಅವರ ಮುಖ ಕೆಂಪಾಗಿತ್ತು. ಸೋಮವಾರ ಬೆಳಿಗ್ಗೆ ಹೂವು ಕಟ್ಟುವ ಕೆಲಸವನ್ನು ಬೇಗ ಮುಗಿಸಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡರು. ಮಾಮ ಅಡ್ಡ ಬಂದರೆ ಅವರನ್ನು ಕಣ್ಣಿನಲ್ಲೇ ನಿಲ್ಲಿಸಿದರು. ದಾರಿಯುದ್ದಕ್ಕೂ ಆ ಡಾಕ್ಟ್ರಿಗೆ ಏನೇನು ಹೇಳಬೇಕೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬಂದರು. ನನಗಂತೂ ಆ ದಿನ ಅಜ್ಜಿಯ ಹಿಂದೆ ನಡೆಯುವಾಗ ಹಬ್ಬಕ್ಕೆ ಹೋಗುವ ಉತ್ಸಾಹ. ಅವರ ಬಾಯಿಗೆ ಸಿಕ್ಕಿದವರು ಯಾರೂ ಗೆದ್ದದ್ದಿಲ್ಲ.

ಅಲ್ಲಿ ನಡೆದದ್ದನ್ನು ನೆನೆದರೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ನಾವು ಒಳಗೆ ಕಾಲಿಡುವಾಗ ಡಾಕ್ಟ್ರು ಕಂಪೌಂಡರನಿಗೆ ತುಳುವಿನಲ್ಲಿ, ನಮ್ಮ ಮನೆಮಾತಿನಲ್ಲೇ, ಏನೋ ಹೇಳುತ್ತಿದ್ದರು. ಅಷ್ಟೇ ಸಾಕಾಯಿತು. ಅಜ್ಜಿ ಬಾಗಿಲಲ್ಲೇ ನಿಂತರು. ಅಂದುಕೊಂಡು ಬಂದ ಮಾತುಗಳನ್ನು ಬದಿಗಿಟ್ಟು, ನಿನ್ನದು ಯಾವ ಊರು ಎಂದು ತುಳುವಿನಲ್ಲಿ ಕೇಳಿದರು. ಕಾರ್ಕಳದಾಚೆಯ ಒಂದು ಹಳ್ಳಿ ಎಂದರು ಡಾಕ್ಟ್ರು. ಯಾರ ಮನೆ ಎಂದು ಕೇಳಿದರು, ಹೇಳಿದರು. ತಾಯಿಯ ಮನೆ ಎಲ್ಲಿ ಎಂದು ಕೇಳಿದರು, ಅದನ್ನೂ ಹೇಳಿದರು. ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು.

ನಮ್ಮಲ್ಲಿ ಬರಿ ಎಂಬುದೊಂದು ಉಂಟು. ತಾಯಿಯಿಂದ ಮಕ್ಕಳಿಗೆ ಬರುವ ವಂಶದ ಗುರುತು. ಒಂದೇ ಬರಿಯವರು ಹಿಂದೆಂದೂ ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಒಡಹುಟ್ಟಿದವರ ಲೆಕ್ಕ. ಮದುವೆ ಮಾತುಕತೆಯಲ್ಲಿ ಮೊದಲು ಕೇಳುವುದು ಅದನ್ನೇ, ಒಂದೇ ಆದರೆ ಮದುವೆ ಇಲ್ಲ. ಮದುವೆಗೆ ಮಾತ್ರ ಅಡ್ಡಿ ಎಂದುಕೊಂಡಿದ್ದೆ. ಜಗಳಕ್ಕೂ ಅಡ್ಡಿ ಎಂದು ಅವತ್ತು ತಿಳಿಯಿತು.

ಡಾಕ್ಟ್ರು ತಮ್ಮ ಬರಿ ಹೇಳಿದರು. ನಮ್ಮದೇ.

ಅಜ್ಜಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಹಾಗಾದರೆ ನೀನು ನಮ್ಮವನೇ, ನನಗೆ ಪುಳ್ಳಿ ಆಗಬೇಕು ಎಂದರು. ಪುಳ್ಳಿ ಎಂದರೆ ಮೊಮ್ಮಗ. ಡಾಕ್ಟ್ರು ಕುರ್ಚಿಯಿಂದ ಎದ್ದು ಬಂದು ಅಜ್ಜಿಯ ಕಾಲು ಮುಟ್ಟಿದರು, ಕೂರಲು ತಮ್ಮ ಕುರ್ಚಿಯನ್ನೇ ಕೊಟ್ಟರು. ಅವರ ಪುಸ್ತಕದ ಕನ್ನಡ ಎಲ್ಲಿ ಹೋಯಿತೋ. ಅವರ ತಾಯಿಯ ಆರೋಗ್ಯ, ತಂಗಿಯ ಮದುವೆ, ಹಳೆಯ ಮನೆಯ ಪಾಲಿನ ಸಂಗತಿ ಎಲ್ಲ ಬಂತು. ನಾನು ಬುಟ್ಟಿ ಹಿಡಿದು ನಿಂತೇ ಇದ್ದೆ. ಅಜ್ಜಿ, ಮೊಲದ ವಿಷಯ ಎಂದೆ. ಹೌದಲ್ಲ ಎಂದು ಅವರಿಗೆ ನೆನಪಾಯಿತು.

"ಮೊಲಕ್ಕೆ ಸ್ವಲ್ಪ ಕಾಲಿನ ತೊಂದರೆ ಆಗಿತ್ತು, ಅಷ್ಟೆ. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ ಮಗಾ. ಭಾನುವಾರ ಊಟಕ್ಕೆ ಬಾ."

ನನ್ನ ಕಡೆ ತಿರುಗಿ, ಇವನು ನಿನಗೆ ಅಣ್ಣ, ಇನ್ನು ಡಾಕ್ಟ್ರೇ ಗೀಕ್ಟ್ರೇ ಎನ್ನಬೇಡ ಎಂದು ತಾಕೀತು ಮಾಡಿದರು. ಮನೆಗೆ ಬರುವ ದಾರಿಯಲ್ಲಿ ಕೇಳಿಯೇ ಕೇಳಿದೆ, ಇದೆಂಥ ಕೆಲಸ ಮಾಡಿದಿರಿ ಎಂದು. ಬೇರೆಯವನಾಗಿದ್ದರೆ ಚರ್ಮ ಸುಲಿದುಬಿಡುತ್ತಿದ್ದೆ, ನಮ್ಮವನನ್ನು ಪರರ ಎದುರು ಹೇಗೆ ಬೈಯುವುದು ಎಂದರು. ನಮ್ಮವನಾದ್ದರಿಂದಲೇ ಬೈಯಬೇಕಿತ್ತು ಎಂದು ನಾನು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಕೋರಿ ರೊಟ್ಟಿ. ಮಾಮ ಬೆಳಿಗ್ಗೆಯೇ ಕೋಳಿ ಹಿಡಿದರು, ಅವರಿಗಂತೂ ಸ್ವರ್ಗವೇ ಇಳಿದು ಬಂದ ಹಾಗೆ, ದನದ ಡಾಕ್ಟ್ರೇ ಸೋದರಳಿಯನಾಗಿ ಸಿಕ್ಕಿದರಲ್ಲ. ಮೊಲವನ್ನು ಹಿಂದಿನ ಕೋಣೆಯಲ್ಲಿಡಲು ಅಜ್ಜಿ ಹೇಳಿದ್ದರು. ಊಟಕ್ಕೆ ಬಂದವನಿಗೆ ಯಾಕೆ ಬೇಜಾರು ಎಂದು. ನಾನು ಬಡಿಸಿದೆ. ಅವರು ಚೆನ್ನಾಗಿ ಉಂಡರು, ಎರಡನೇ ಸಲ ಸಾರು ಹಾಕಿಸಿಕೊಂಡರು, ಮಸಾಲೆ ತಮ್ಮ ಅಮ್ಮನ ಕೈಯ ಹಾಗೇ ಇದೆ ಎಂದು ಅಜ್ಜಿಯನ್ನು ಹೊಗಳಿದರು. ದುಷ್ಟ ಮನುಷ್ಯನಲ್ಲ ಅವರು. ದುಷ್ಟರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವರು ಕೈ ತೊಳೆಯಲು ಎದ್ದಾಗ ನಾನು ಹಿಂದಿನ ಕೋಣೆಗೆ ಹೋಗಿ ಮೊಲವನ್ನು ತಂದು ಚಾವಡಿಯ ನಡುವೆ ಬಿಟ್ಟೆ. ಅದು ಅಜ್ಜಿ ಹೂವು ಕಟ್ಟುವ ಜಾಗದ ಕಡೆಗೆ ಎಳೆದುಕೊಂಡು ಹೋಯಿತು. ಆ ಕೆಂಪು ಸಿಮೆಂಟಿನ ನೆಲದಲ್ಲಿ ಉಗುರು ಜಾರುವ ಸದ್ದು ಎಲ್ಲರಿಗೂ ಕೇಳಿತು. ಮಾಮ ದನದ ಕೆಚ್ಚಲಿನ ವಿಷಯ ಎತ್ತಿದರು. ಅಜ್ಜಿ ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು. ಡಾಕ್ಟ್ರು ಮಾತ್ರ ಬಗ್ಗಿ ನೋಡಿದರು. ಈಗಲಾದರೂ ಹೇಳುತ್ತಾರೆ ಎಂದು ನನ್ನ ಮೈಯೆಲ್ಲ ಕಿವಿಯಾಯಿತು.

"ಕಿವಿ ನೋಡಿ, ಎಷ್ಟು ಕ್ಲೀನ್ ಆಗಿದೆ" ಎಂದರು ಅವರು. "ನಾನು ಹಾಕಿದ ಔಷಧ ಒಳ್ಳೇ ಕೆಲಸ ಮಾಡಿದೆ."

ಹೌದು, ಕಿವಿ ವಾಸಿಯಾಗಿತ್ತು. ಒಂದು ಹಕ್ಕಳೆಯೂ ಇರಲಿಲ್ಲ. ನನಗೆ ಆ ಕ್ಷಣ ಕೈಯಲ್ಲಿದ್ದ ನೀರಿನ ಚೆಂಬನ್ನು ಎಸೆಯಬೇಕೆನಿಸಿತು, ಎಸೆಯಲಿಲ್ಲ. ಹಲ್ಲು ಕಚ್ಚಿಕೊಂಡು ಮೊಲವನ್ನು ಎತ್ತಿಕೊಂಡು ಒಳಗೆ ಹೋದೆ. ಅವರು ಹೊರಡುವಾಗ ಅಜ್ಜಿ ಅವರ ಹೆಂಡತಿಗೆಂದು ಒಂದು ದೊಡ್ಡ ಚೆಂಡು ಮಲ್ಲಿಗೆ ಕೊಟ್ಟು ಕಳಿಸಿದರು. ಮೊಲದ ಪಕ್ಕದಲ್ಲಿ ಕುಳಿತು ಕಟ್ಟಿದ ಹೂವು ಅದು.

ಆ ಮೇಲೆ ಮಳೆಗಾಲ ಬಂತು. ಮೊಲದ ಹಿಂದಿನ ಮೈಗೆ ತನ್ನ ಮೂತ್ರ ತಿಳಿಯುತ್ತಿರಲಿಲ್ಲ, ತೊಡೆಯೆಲ್ಲ ಹುಣ್ಣು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚುವುದು, ಸಂಜೆ ಬಂದು ಮತ್ತೆ ಅದೇ. ನಾನಿಲ್ಲದ ಹೊತ್ತಿನಲ್ಲಿ ಅಜ್ಜಿ ಅದರ ಅಡಿಯ ಬಟ್ಟೆ ಬದಲಾಯಿಸುತ್ತಿದ್ದರು. ಹೇಳಿಕೊಳ್ಳುತ್ತಿರಲಿಲ್ಲ, ಒಣಗಲು ಹಾಕಿದ ಬಟ್ಟೆ ನೋಡಿ ನನಗೆ ತಿಳಿಯುತ್ತಿತ್ತು. ಮಳೆ ಬಿಟ್ಟ ಸಂಜೆಗಳಲ್ಲಿ ಅದನ್ನು ಅಂಗಳಕ್ಕೆ ತಂದರೆ ಅದರ ಮುಂದಿನ ಮೈ ಒಮ್ಮೆಲೇ ಸೆಟೆದು ಮೇಲಕ್ಕೆ ಏಳುತ್ತಿತ್ತು. ಹಾರಲು ಹೊರಟದ್ದು. ಹಿಂದಿನಿಂದ ಉತ್ತರ ಬಾರದೆ ಅಲ್ಲೇ ಕುಸಿಯುತ್ತಿತ್ತು. ಅದನ್ನು ನೋಡಲಾರದೆ ಆಮೇಲೆ ಅಂಗಳಕ್ಕೆ ತರುವುದನ್ನೇ ಬಿಟ್ಟೆ.

ನಾಗರಪಂಚಮಿ ಕಳೆದ ಮೇಲೆ ಒಂದು ದಿನ ಕಚೇರಿಯಿಂದ ಬಂದಾಗ ಬುಟ್ಟಿ ಖಾಲಿ ಇತ್ತು. ಅಜ್ಜಿ ಅದನ್ನು ಆಗಲೇ ಮಲ್ಲಿಗೆ ಸಾಲಿನ ಕೊನೆಯಲ್ಲಿ ಮಣ್ಣು ಮಾಡಿಸಿದ್ದರು. ಮಧ್ಯಾಹ್ನ ಹೋಯಿತು, ನಾನು ಹತ್ತಿರವೇ ಇದ್ದೆ ಎಂದಷ್ಟೇ ಹೇಳಿದರು. ಆ ಸಂಜೆ ನಾವಿಬ್ಬರೂ ಊಟ ಮಾಡಲಿಲ್ಲ.

ಸುದ್ದಿ ಮಾಮನ ಮೂಲಕ ಡಾಕ್ಟ್ರಿಗೆ ಮುಟ್ಟಿತು. ಒಂದು ಭಾನುವಾರ ಅವರ ಸ್ಕೂಟರ್ ನಮ್ಮ ಗೇಟಿನ ಹೊರಗೆ ನಿಂತಿತು. ನಾನು ಅಂಗಳದಲ್ಲಿ ಬಟ್ಟೆ ಹಾಕುತ್ತಿದ್ದೆ, ಅಜ್ಜಿ ಚಾವಡಿಯಲ್ಲಿದ್ದರು. ತಂಗಿಗೆ ಬೇಜಾರಾಗಿದೆಯಂತೆ, ಅದಕ್ಕೆ ಇನ್ನೊಂದು ತಂದಿದ್ದೇನೆ ಎನ್ನುತ್ತಾ ಅವರು ಸ್ಕೂಟರಿನಲ್ಲಿ ನೇತಾಡುತ್ತಿದ್ದ ಚೀಲಕ್ಕೆ ಕೈ ಹಾಕಿದರು. ಬಿಳಿ ಮೊಲ. ಎರಡು ಕಿವಿಯನ್ನು ಒಟ್ಟಿಗೆ ಹಿಡಿದು, ತೋಟದಿಂದ ಮೂಲಂಗಿ ಕಿತ್ತು ತರುವವರ ಹಾಗೆ ತೂಗಾಡಿಸುತ್ತಾ, ನಗುಮುಖದಲ್ಲಿ ಅಂಗಳಕ್ಕೆ ಬಂದರು. ಮೊಲ ಗಾಳಿಯಲ್ಲಿ ಒದೆಯುತ್ತಿತ್ತು.

ಕೈಯಲ್ಲಿದ್ದ ಬಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ.

"ಅಣ್ಣಾ, ಕೆಳಗೆ ಕೈ ಕೊಡಿ."

ಮೊದಲ ಸಲ ಅವರನ್ನು ಹಾಗೆ ಕರೆದದ್ದು. ಅದು ಕರೆದದ್ದಲ್ಲ, ಕಿರುಚಿದ್ದು. ಹಟ್ಟಿಯಿಂದ ಮಾಮ ಓಡಿ ಬಂದರು, ಪಕ್ಕದ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ತಲೆ ಎತ್ತಿದರು. ಡಾಕ್ಟ್ರು ಬೆಚ್ಚಿಬಿದ್ದು ಜೇಬಿನಲ್ಲಿದ್ದ ಎಡಗೈ ತೆಗೆದು ಮೊಲದ ಹಿಂಗಾಲಿನ ಕೆಳಗೆ ಕೊಟ್ಟರು. ಒದೆತ ನಿಂತಿತು. ಅವರು ಅದನ್ನು ಒಂದು ನಿಮಿಷ ಹಾಗೇ ನೋಡಿದರು.

"ಹೀಗೆ ಹಿಡಿದರೆ ಒದೆಯುವುದಿಲ್ಲ ಅಲ್ವಾ" ಎಂದರು, ತಾವೇ ಈಗ ಕಂಡುಹಿಡಿದ ಹಾಗೆ.

"ಅವನಿಗೆ ಗೊತ್ತಿಲ್ಲದೆ ಇರ್ತದಾ" ಎಂದರು ಅಜ್ಜಿ ಚಾವಡಿಯಿಂದ. "ಡಾಕ್ಟ್ರಲ್ವಾ ಅವ."

ಹಾಗೆ ಹೇಳಿದ ಅಜ್ಜಿ ನನ್ನ ಮುಖ ನೋಡಲಿಲ್ಲ. ನಾನು ಹತ್ತಿರ ಹೋಗಿ ಡಾಕ್ಟ್ರ ಕೈಯಿಂದ ಮೊಲವನ್ನು ತೆಗೆದುಕೊಂಡೆ. ಅದರ ಎದೆ ಬಡಿದುಕೊಳ್ಳುತ್ತಿತ್ತು, ಹಿಂಗಾಲುಗಳು ನನ್ನ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದವು. ಡಾಕ್ಟ್ರ ಎಡಗೈ ಇನ್ನೂ ಹಾಗೇ ಅಂಗಾತ ಚಾಚಿಕೊಂಡೇ ಇತ್ತು. ಅವತ್ತು ದನದ ಆಸ್ಪತ್ರೆಯಲ್ಲಿ ಮೊಲವನ್ನು ಎತ್ತುವಾಗಲೂ ಆ ಕೈಗೆ ಬೇರೆ ಕೆಲಸವೇನೂ ಇರಲಿಲ್ಲ.